ಸೋಲೋ ಪ್ಲೇಟು

ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ನಾನೂ ಸೂರಪ್ಪನೂ ಅಕ್ಕಪಕ್ಕದ ಮಗ್ಗದವರು. ಆ ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಕೂಗಬೇಕು. ಕೂಗಿ ಕೂಗಿ ಇಬ್ಬರ ಗಂಟಲೂ ಗಟ್ಟಿಯಾಗಿತ್ತು. ಆದರೆ ಪದ ಕಟ್ಟುವುದು ಅವನಿಗೆ ಮಾತ್ರ ಬರುತ್ತಿತ್ತು. ಅಕ್ಷರ ಬಾರದ ಮನುಷ್ಯ, ಹರಿದ ನೂಲಿಗೆ ಗಂಟು ಹಾಕುವಷ್ಟರಲ್ಲಿ ಒಂದು ನುಡಿ ಕಟ್ಟಿಬಿಡುತ್ತಿದ್ದ. ನಾಲ್ಕನೇ ಕ್ಲಾಸು ಓದಿದ ನಾನು ಒಂದು ಸಾಲು ಕಟ್ಟಲಾರೆ. ಈ ಹೊಟ್ಟೆಕಿಚ್ಚನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹುಡುಕುವುದು ಬೇಡ.

ಮದುವೆ ಮನೆಗಳಲ್ಲಿ ಅವನು ಮುಂದೆ ನಿಂತು ಹಾಡುವವನು, ನಾನು ಹಿಮ್ಮೇಳ. ಅವನ ಸಾಲಿನ ಬಾಲ ಹಿಡಿದು ಎಳೆಯುವುದು ನನ್ನ ಕೆಲಸ. ನಮ್ಮ ಪದಗಳ ಕಡೇ ನುಡಿಯಲ್ಲಿ ಕಟ್ಟಿದವನ ಊರು, ಹೆಸರು ಬರುತ್ತದೆ. ಆ ನುಡಿಯನ್ನು ಕಟ್ಟಿದವನು ಹಾಡಕೂಡದು, ಹಿಮ್ಮೇಳದವನೇ ಹಾಡಬೇಕು ಎಂದು ನಮ್ಮ ಗುರು ಕೆಂಚವೀರಪ್ಪನವರು ಕಟ್ಟಳೆ ಮಾಡಿದ್ದರು. ತನ್ನ ಹೆಸರು ತಾನೇ ಕೂಗಿಕೊಳ್ಳುವುದು ಕಾಗೆ ಮಾತ್ರ ಎನ್ನುತ್ತಿದ್ದರು. ಹಾಗಾಗಿ ಹದಿನೈದು ವರ್ಷ ಸೂರಪ್ಪನ ಹೆಸರು ಹೇಳಿದ್ದು ನನ್ನ ಬಾಯಿ:

ಆನೆಕೊಂಡ ಊರ, ನೂಲಿನ ಸೂರ
ಕಟ್ಯಾನ ಪದವ, ಕೇಳಿರಣ್ಣ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಹರಿಹರದ ಒಂದು ಮದುವೆಗೆ ಮದರಾಸಿನ ಗ್ರಾಮಫೋನ್ ಪ್ಲೇಟು ಕಂಪನಿಯವನೊಬ್ಬ ಬಂದಿದ್ದ. ಅಲ್ಲಿ ಸೂರಪ್ಪ ತನ್ನ ಹೆಂಡತಿ ಕಮಲಕ್ಕನ ಮೇಲೆ ಕಟ್ಟಿದ ಪದ ಹಾಡಿದ:

ಗಿರಣಿ ಕೂಗ್ಯಾವೊ, ರೊಟ್ಟಿ ಆರ್ಯಾವೊ
ಬರಲಿಲ್ಲ ನನ್ನ ಸರದಾರ.

ಊಟದ ಪಂಕ್ತಿಯಲ್ಲಿ ಕೂತಿದ್ದ ಕಂಪನಿಯವನು ಕಡೇ ನುಡಿಗೂ ಕಾಯದೆ ಎದ್ದೇ ಬಂದ. ಪ್ಲೇಟು ಮಾಡೋಣ ಎಂದ. ನನ್ನ ಕಡೆ ನೋಡಿ, "ಇವರು ಬೇಡ. ನಮಗೆ ಸೋಲೋ ಬೇಕು" ಎಂದ. ಒಬ್ಬನೇ ಹಾಡುವುದಕ್ಕೆ ಹಾಗೆನ್ನುತ್ತಾರಂತೆ. ನನಗೆ ಉರಿದುಹೋಯಿತು.

"ಹೋಗಪ್ಪ, ಸೋಲೋದಾದ್ರೆ ಒಬ್ಬನೇ ಸೋಲು" ಎಂದೆ. ಸುತ್ತ ಇದ್ದವರು ನಕ್ಕರು. ಸೂರಪ್ಪ ನಗಲಿಲ್ಲ.

ಮದರಾಸಿಗೆ ಹೊರಡುವ ಹಿಂದಿನ ದಿನ ಮಗ್ಗದ ಹತ್ತಿರ ಬಂದು ಕಿವಿಯಲ್ಲಿ ಕೂಗಿದ. "ಉಜ್ಜಣ್ಣ, ಸುಮ್ನೆ ಜೊತಿಗೆ ಬಾ. ಕಡೇ ನುಡಿ ಒಂದು ನೀನು ಹಾಡು. ಅವರನ್ನ ನಾನು ಒಪ್ಪಿಸ್ತೀನಿ."

"ನಿನ್ನ ಹೆಸರು ನೀನೇ ಹೇಳ್ಕ."

"ಅದು ಹೆಂಗಾಗ್ತೈತೆ? ಗುರುಗಳ ಮಾತು ಗೊತ್ತಿಲ್ಲೇನು ನಿನಗೆ?"

ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಮಗ್ಗದ ಕಡೆ ತಿರುಗಿಕೊಂಡೆ.

ಅವನು ಒಬ್ಬನೇ ಹೋಗಿ ಬಂದ. ಏನಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮರುವರ್ಷ ಪ್ಲೇಟು ಬಂದಾಗ ಹರಿಹರದ ಮೈಕ್ ಸೆಟ್ಟಿನ ಹಿದಾಯತ್ ಹೇಳಿಕಳಿಸಿದ. ಇಬ್ಬರೂ ಬಸ್ಸು ಹತ್ತಿ ಹೋದೆವು. ಹಿದಾಯತ್ ಮುಳ್ಳು ಇಟ್ಟ. ಸೂರಪ್ಪನ ಗಂಟಲು, ಜೊತೆಗೆ ಪಿಟೀಲು, ತಬಲಾ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಕಡೇ ನುಡಿ ಬರುವ ಜಾಗದಲ್ಲಿ ಪಿಟೀಲು ಎರಡು ಸುತ್ತು ಎಳೆದು ನಿಂತಿತು. ನನ್ನ ಬಾಯಿ ತಾನಾಗಿಯೇ ತೆರೆದಿತ್ತು. ಮುಚ್ಚಿಕೊಂಡೆ.

"ಮ್ಯಾಲೆ ಏನು ಬರೆದಾರೆ, ಓದು" ಎಂದ ಸೂರಪ್ಪ.

ಓದಿದೆ. "ಹಾಡಿದವರು, ಸೂರಪ್ಪ. ಸಾಹಿತ್ಯ, ಜಾನಪದ."

"ಜಾನಪದ ಅಂದ್ರೆ ಯಾರು?"

ಹಿದಾಯತ್ ತಲೆ ತಗ್ಗಿಸಿ ಪ್ಲೇಟು ಒರೆಸತೊಡಗಿದ. ಯಾರು ಕಟ್ಟಿದರೋ ಗೊತ್ತಿಲ್ಲದ ಪದ ಅಂತ ಅರ್ಥ ಎಂದು ನಾನೇ ಹೇಳಬೇಕಾಯಿತು.

"ಕೇಳಿದ್ರು ನನ್ನ" ಎಂದ ಸೂರಪ್ಪ. "ಯಾರು ಕಟ್ಟಿದ್ದು ಅಂತ. ನಾನು ಅಂತ ಹೆಂಗೆ ಹೇಳ್ಲಿ? ಹೆಸರು ಪದದಾಗೇ ಬರ್ತೈತೆ ಅಂದೆ. ಆ ನುಡಿಗೆ ಬಂದೆ, ಬಾಯಿ ಏಳಲಿಲ್ಲ." ಹಿದಾಯತ್ ಕೈಯಲ್ಲಿದ್ದ ಪ್ಲೇಟು ನೋಡುತ್ತಾ, "ಗಂಟ್ಲು ದೇವ್ರು ಕೊಟ್ಟಿದ್ದು ಉಜ್ಜಣ್ಣ. ಪದ ನಂದಾಗಿತ್ತು" ಎಂದ.

ಪ್ಲೇಟು ಓಡಿತು. ಹೋಟೆಲಿನಲ್ಲಿ, ಟೆಂಟು ಸಿನಿಮಾದಲ್ಲಿ, ಸಂತೆಯಲ್ಲಿ ಅದೇ. ನಾಟಕದ ಕಂಪನಿಯೊಂದು ಆ ಪದವನ್ನು ಎತ್ತಿಕೊಂಡು ಹೋಗಿ ರಾಣಿ ಪಾರ್ಟಿನವಳ ಬಾಯಲ್ಲಿ ಹಾಡಿಸಿತು. ಗಿರಣಿಗೂ ರಾಣಿಗೂ ಏನು ಸಂಬಂಧವೋ. ಕೇಳಲು ಹೋದರೆ, ಜಾನಪದ ಅಂದಮೇಲೆ ಎಲ್ಲರದ್ದೂ ಹೌದಲ್ಲವೇ ಎಂದು ಚಹಾ ಕುಡಿಸಿ ಕಳಿಸಿದರು. ಕಡೆಗೆ ನಾನೇ ಮದರಾಸಿಗೆ ಕಾಗದ ಬರೆದೆ. ನಾಲ್ಕು ತಿಂಗಳಿಗೆ ಉತ್ತರ ಬಂತು. 'ಇಂಥ ಪದಗಳಲ್ಲಿ ಕಟ್ಟಿದವನ ಹೆಸರು ಕೊನೆಯ ನುಡಿಯಲ್ಲಿರುವುದು ವಾಡಿಕೆ. ಇದರಲ್ಲಿ ಇಲ್ಲ. ಆದ್ದರಿಂದ ತಮ್ಮ ಮಾತನ್ನು ನಂಬಲಾಗುವುದಿಲ್ಲ.' ಅದನ್ನು ಅವನಿಗೆ ಓದಿ ಹೇಳುವಾಗ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಅರವತ್ಮೂರರಲ್ಲಿ ಹರಿಹರದ ಪಂಚಾಕ್ಷರಪ್ಪನವರ ಮಗಳ ಮದುವೆ. ಪ್ಲೇಟಿನ ಸೂರಪ್ಪನೇ ಬರಬೇಕೆಂದು ಹೇಳಿಕಳಿಸಿದ್ದರು. ನಾನೂ ಹೋದೆ, ಕರೆಯದೆ. ಅವನು ಹಾಡಿದ, ನಾನು ಬಾಲ ಹಿಡಿದೆ. ಕಡೇ ನುಡಿಗೆ ಬಂದಾಗ ನನ್ನಲ್ಲಿದ್ದ ಉಸಿರನ್ನೆಲ್ಲ ಹಾಕಿ ಎತ್ತಿದೆ. 'ಆನೆಕೊಂಡ ಊರ, ನೂಲಿನ ಸೂರ...'

ಪಂಚಾಕ್ಷರಪ್ಪನವರು ಕೈ ಎತ್ತಿದರು. ಕೆಟ್ಟ ಮನುಷ್ಯರಲ್ಲ, ಮೆತ್ತಗೆ ಹೇಳಿದರು. "ಪ್ಲೇಟಿನಾಗೆ ಇದು ಇಲ್ಲಲ್ರಿ. ಹಿರೇರು ಕಟ್ಟಿದ ಪದಕ್ಕೆ ನಿಮ್ಮ ಹೆಸರು ಅಂಟಿಸಬ್ಯಾಡ್ರಿ. ಚೆಂದಲ್ಲ."

ಚಪ್ಪರದ ತುಂಬ ಜನ. ಹೌದು ಹೌದು ಎಂದರು. ನಾನು ಜಗಳಕ್ಕೆ ನಿಂತೆ. ಸೂರಪ್ಪ ನನ್ನ ರಟ್ಟೆ ಹಿಡಿದ.

"ಬಿಡು ಉಜ್ಜಣ್ಣ" ಎಂದ. "ಈಗ್ಯಾಕ ಹಾಡ್ತಿ?"

ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದೀಚೆಗೆ ಅವನು ಪದ ಕಟ್ಟಿಲ್ಲ. ನೂಲು ಹರಿದರೆ ಗಂಟು ಹಾಕುತ್ತಾನೆ, ಅಷ್ಟೆ. ಮೊನ್ನೆ ಆನೆಕೊಂಡಕ್ಕೆ, ಅವನ ಮನೆಗೆ ಹೋಗಿದ್ದೆ. ಕಮಲಕ್ಕ ರೊಟ್ಟಿ ತಟ್ಟುತ್ತಾ ಆ ಪದ ಗುನುಗುತ್ತಿದ್ದಳು, ಅವಳದೇ ಪದ. ಪ್ಲೇಟು ನಿಲ್ಲುವಲ್ಲಿಗೆ ಬಂದು ನಿಲ್ಲಿಸಿದಳು.

"ಮುಂದಿಂದು?" ಎಂದೆ.

"ಅದನ್ನ ಹಾಡಬ್ಯಾಡ ಅಂದಾರಣ್ಣ" ಎಂದು ಗಂಡನ ಕಡೆ ನೋಡಿದಳು. "ಜನ ನಗ್ತಾರಂತೆ."

ಸೂರಪ್ಪ ನನ್ನ ತಟ್ಟೆಗೆ ರೊಟ್ಟಿ ಹಾಕಿದ. "ಆರೋದ್ರಾಗೆ ತಿನ್ನು" ಎಂದ. ನಾನು ತಲೆ ಎತ್ತದೆ ತಿಂದೆ.