ಮುಳ್ಳು ಎಲ್ಲೈತಿ?

ಯಂತ್ರದ ಎದುರು ನಿಂತಾಗ ಅವರ ಎರಡೂ ಕೈ ಬೆನ್ನ ಹಿಂದೆ ಇರುತ್ತಿದ್ದವು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ಓಡಿಹೋಗುವ ಕರುವನ್ನು ಹಿಡಿದಂತೆ. ನನ್ನ ನೆನಪಿನಲ್ಲಿ ಆ ಬಲಗೈಗೆ ಒಮ್ಮೊಮ್ಮೆ ಐದು ಬೆರಳು, ಒಮ್ಮೊಮ್ಮೆ ಮೂರು. ಎರಡೂ ನಿಜ. ನಡುವೆ ಒಂದು ಖಂಡೇನವಮಿ ಇದೆ.

ಅವರು ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನೋಡಿಕೊಳ್ಳುವ ಮಿಸ್ತ್ರಿ. ನಾನು ಕಾಕಾ ಎನ್ನುತ್ತಿದ್ದೆ. ಹರೆಯದಲ್ಲಿ ಖಾನಾಪುರದ ಹಂಚಿನ ಭಟ್ಟಿಯಲ್ಲಿ ದುಡಿದವರು. ನಾನೂ ಖಾನಾಪುರದವನೇ, ಧಾರವಾಡದಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಬೆಳಗಾವಿಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಇಸವಿ ಎರಡು ಸಾವಿರವೋ ಅದರ ಹಿಂದಿನದೋ, ಆಣೆ ಮಾಡಿ ಹೇಳಲಾರೆ. ಲೋಂಡಾ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ ಇಬ್ಬರೂ ಒಂದೇ ಡಬ್ಬಿ ಹತ್ತುತ್ತಿದ್ದೆವು. ಮಚ್ಛೆಗೆ ಹತ್ತಿರದ ದೇಸೂರಿನಲ್ಲಿ ಅವರು ಇಳಿಯುವವರೆಗೆ ಮಾತು.

ಆಗ ನಾನು ಮಕ್ಕಳಿಗಾಗಿ ಒಂದು ಕತೆ ಬರೆಯುತ್ತಿದ್ದೆ. ಒಂದು ಯುದ್ಧವಿಮಾನ ಆಕಾಶದಲ್ಲೇ ಮಡಚಿಕೊಂಡು, ರೆಕ್ಕೆ ಬೆನ್ನಿಗೆ ಸೇರಿಸಿ, ನೆಲಕ್ಕಿಳಿದು ಎರಡು ಕಾಲಿನ ದೈತ್ಯನಾಗಿ ನಿಲ್ಲುತ್ತದೆ. ನೋಟಬುಕ್ಕಿನ ಮೊದಲ ಪುಟ ನಾನು ಓದಿ ಹೇಳಿದಾಗ ಕಾಕಾ ನಗಲಿಲ್ಲ.

"ಮಾಸ್ತರ, ಇದರ ಹೊಟ್ಟಿ ಎಲ್ಲೈತ್ರಿ?"

"ರೆಕ್ಕಿಯೊಳಗ ಕಾಕಾ. ಖರೇ ವಿಮಾನದಾಗೂ ಎಣ್ಣಿ ಅಲ್ಲೇ ಇರತೈತಿ."

ಅವರು ನನ್ನ ನೀರಿನ ಬಾಟಲಿ ಕಿತ್ತುಕೊಂಡು ಅಡ್ಡ ಮಲಗಿಸಿದರು. ಅರ್ಧ ನೀರಿತ್ತು. ಮುಚ್ಚಳದ ಹತ್ತಿರ ಬೆರಳಿಟ್ಟು, "ಇಲ್ಲಿ ಪೈಪ್ ಐತಿ ಅನ್ರಿ. ಮಲಗಿದ್ದಾಗ ಎಣ್ಣಿ ಸಿಗತೈತಿ. ಈಗ ರಾಕ್ಷಸ ಎದ್ದ" ಎಂದು ಬಾಟಲಿ ನಿಲ್ಲಿಸಿದರು. ನೀರು ತಳ ಸೇರಿತು. "ಪೈಪು ಗಾಳಿ ಕುಡೀತು. ನಿಂತಕೂಡಲೇ ಕೆಮ್ಮಿ ಕೆಮ್ಮಿ ಬಂದ್ ಬೀಳತಾನ."

ಎದುರಿಗೆ ಕೂತ ಹಾಲಿನ ಕ್ಯಾನಿನ ಹೆಂಗಸು, "ನಮ್ಮ ಮಾವನೂ ಹಂಗ ನೋಡ್ರಿ. ಮಲಗಿದ್ರ ಆರಾಮ, ಎದ್ದರ ಕೆಮ್ಮು" ಎಂದಳು. ಡಬ್ಬಿಯೆಲ್ಲ ನಕ್ಕಿತು. ನನಗೆ ಅವಮಾನವಾಯಿತು.

ಮರುದಿನ ನಾನು ಅಣುಶಕ್ತಿ ತಂದೆ. ಮುಷ್ಟಿಯಷ್ಟು ಇಂಧನ, ವರ್ಷಗಟ್ಟಲೆ ಸಾಕು.

"ಹೊಗಿಕೊಳವಿ ಎಲ್ಲಿಟ್ಟೀರಿ?"

"ಅದಕ್ಕ ಹೊಗಿ ಇಲ್ಲ ಕಾಕಾ."

"ಬಿಸಿ ಐತಿಲ್ಲ? ಬೆಂಕಿ ಆರಿಸಿದ ಮ್ಯಾಲೂ ಭಟ್ಟಿ ಎರಡು ದಿನ ಮುಟ್ಟಾಕ ಬರೂದಿಲ್ಲ. ಒಳಗ ಕುಂತ ನಡಸಾಂವ ಹಂಚಿನಂಗ ಬೇಯತಾನ."

ಅವರು ಹೇಳಿದ್ದು ಸರಿಯಾಗಿತ್ತು. ಅಣುಸ್ಥಾವರ ನಿಲ್ಲಿಸಿದ ಮೇಲೂ ಅದರ ಒಡಲು ಕಾಯುತ್ತಲೇ ಇರುತ್ತದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಕತೆಯಲ್ಲಿ ಮರೆತಿದ್ದೆ.

ಒಂದು ದಿನ ಅವರೇ ಮಚ್ಛೆಗೆ ಕರೆದೊಯ್ದು ತಮ್ಮ ಪ್ರೆಸ್ ತೋರಿಸಿದರು. ಮೇಲೊಂದು ದಪ್ಪ ಕಬ್ಬಿಣದ ಹಲಗೆ, ಕೆಳಗೆ ಅಚ್ಚು. ಬದಿಯ ಹಿಡಿಕೆ ತಗ್ಗಿಸಿದರೆ ಹಲಗೆ ಇಳಿದು ತಗಡು ಆಕಾರಕ್ಕೆ ಬರುತ್ತಿತ್ತು, ಎತ್ತಿದರೆ ಹಲಗೆ ಮೇಲೇರುತ್ತಿತ್ತು. ಬದಿಯಲ್ಲಿ ಆಳೆತ್ತರದ ಒಂದು ಸಿಲಿಂಡರು. ಮೋಟಾರು ತಳ್ಳಿದ ಎಣ್ಣೆ ಅದರಲ್ಲಿ ಒತ್ತಿ ಕೂತಿರುತ್ತಿತ್ತು. ಅದಕ್ಕೆ ಅವರು ಗಡಿಗಿ ಎನ್ನುತ್ತಿದ್ದರು.

"ಎಂಜಿನ್ ಅಂದ್ರ ದಿನಾ ದುಡಿಯೋ ಎತ್ತು. ಆದ್ರ ಜಿಗಿಯೂದು, ಮಡಚೂದು ಒಂದ ಉಸರಿನ ಕೆಲಸ. ಅದಕ್ಕ ಶಕ್ತಿ ಮೊದಲ ಕೂಡಿಟ್ಟಿರಬೇಕು. ನಿಮ್ಮ ರಾಕ್ಷಸನ ತೊಡಿಯೊಳಗ ಇಂಥಾ ಎರಡು ಗಡಿಗಿ ಇಡ್ರಿ."

ಹೇಳುವಾಗ ಅವರ ದನಿ ಸಣ್ಣದಾಯಿತು. "ಮೋಟಾರ್ ಬಂದ್ ಆದ್ರೂ ಗಡಿಗಿ ಬಂದ್ ಆಗೂದಿಲ್ಲ. ಸದ್ದು ಮಾಡೂ ಮಷೀನಕ್ಕ ನಾ ಅಂಜೂದಿಲ್ಲ ಮಾಸ್ತರ. ಸುಮ್ಮ ನಿಂತದ್ದಕ್ಕ ಅಂಜತೀನಿ."

ಆ ಅಂಜಿಕೆಗೊಂದು ಪದ್ಧತಿ ಇತ್ತು. ಒಂದೇ ಮುಳ್ಳಿನಿಂದ ಒತ್ತಡ ತೋರಿಸುವ ಗಡಿಯಾರದಂಥ ಬಿಲ್ಲೆ ಪ್ರೆಸ್ಸಿನ ಹಿಂದೆ. ಮುಂದೆ ನಿಂತವನಿಗೆ ಕಾಣದು. ಅಚ್ಚಿನೊಳಗೆ ಕೈ ಹಾಕುವ ಮುನ್ನ ಹಿಂದೆ ಒಬ್ಬ ನಿಂತು ತಿರುಪು ಬಿಚ್ಚಿ ಗಡಿಗಿಯ ಒತ್ತಡ ಇಳಿಸಬೇಕು. ಮುಂದಿನಿಂದ ಕಾಕಾ ಕೂಗುತ್ತಿದ್ದರು: "ಮುಳ್ಳು ಎಲ್ಲೈತಿ?" ಹಿಂದಿನವ ನೋಡಿ "ಸೊನ್ನಿ" ಅನ್ನಬೇಕು. ಆಮೇಲಷ್ಟೇ ಆ ಕೈ ಬೆನ್ನು ಬಿಟ್ಟು ಮುಂದೆ ಬರುತ್ತಿತ್ತು.

"ಹೆಂಗ ಹಾರತಾನ ಅನ್ನೂದು ಬರದೀರಿ. ಬಂದ್ ಮಾಡಿದ ಮ್ಯಾಲ ಒಳಗ ಏನ್ ಉಳೀತೈತಿ, ಅದನ್ನ ಬರೀರಿ" ಎಂದರು.

ಖಂಡೇನವಮಿಯ ದಿನ ಕಾರ್ಖಾನೆಗೆ ಆಯುಧಪೂಜೆಗೆ ಕರೆದಿದ್ದರು. ಬೆಳಿಗ್ಗೆ ಒಂದು ಸುತ್ತು ಪ್ರೆಸ್ ನಡೆಸಿ, ಆಮೇಲೆ ಮೋಟಾರು ಬಂದ್ ಮಾಡಿದ್ದರು. ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ, ಬಾಳೆಕಂದು. ನನಗೆ ಇದೆಲ್ಲ ತಮಾಷೆ. "ಕಬ್ಬಿಣಕ್ಕ ಏನ್ ತಿಳೀತೈತಿ ಕಾಕಾ?" ಎಂದು ಕೆಣಕಿದೆ. "ಅದಕ್ಕ ತಿಳಿಯೂದಿಲ್ಲ ಅಂತನ ನಮಗ ತಿಳಿದಿರಬೇಕು" ಎಂದರು. ಒದ್ದೆ ಚೆಂಡುಹೂವಿನ ದಪ್ಪ ಮಾಲೆ ನನ್ನ ಕೈಗೆ ಕೊಟ್ಟು ಪ್ರೆಸ್ಸಿನ ಹಿಂದೆ ಕಳಿಸಿದರು. ತಾವು ಮುಂದೆ, ಅಚ್ಚಿಗೆ ವಿಭೂತಿ ಹಚ್ಚಲು.

ಇಲ್ಲಿ ನನ್ನ ನೆನಪು ಎರಡಾಗುತ್ತದೆ.

ಒಂದರಲ್ಲಿ ಮುಂದಿನಿಂದ ಅವರ ದನಿ ಕೇಳುತ್ತದೆ: "ಮುಳ್ಳು ಎಲ್ಲೈತಿ?" ನಾನು ಸ್ವಿಚ್ಚಿನ ಕಡೆ ನೋಡುತ್ತೇನೆ. ಬಂದ್ ಇದೆ. ಬಿಲ್ಲೆಯ ಕಡೆ ನೋಡುವುದಿಲ್ಲ. "ಸೊನ್ನಿ ಕಾಕಾ" ಎನ್ನುತ್ತೇನೆ. ಇನ್ನೊಂದರಲ್ಲಿ ಪಕ್ಕದ ಕಾರ್ಖಾನೆಯ ಸ್ಪೀಕರಿನ ಹಾಡು ಬಿಟ್ಟರೆ ಏನೂ ಕೇಳುವುದಿಲ್ಲ. ಯಾರೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಅವರೇ ಕೈ ಹಾಕಿದರು.

ಮುಂದಿನದು ಎರಡರಲ್ಲೂ ಒಂದೇ. ಬದಿಯ ಹಿಡಿಕೆ ಮಾಲೆಗೆ ಅನುಕೂಲವಾಗಿ ಕಂಡಿತು. ಹಾಕಿದೆ. ಹೂವಿನ ಭಾರಕ್ಕೆ ಹಿಡಿಕೆ ಮೆಲ್ಲಗೆ ತಗ್ಗಿತು. ಹಲಗೆ ಇಳಿಯಿತು. ಸದ್ದೇ ಇರಲಿಲ್ಲ. ಕಾಕಾ ಕೂಗಲಿಲ್ಲ, ಕೂಗಿದವನು ನಾನು. ಮಾಲೆ ಕಿತ್ತು ಹಿಡಿಕೆ ಎತ್ತಿದೆ. ಕರೆಂಟಿಲ್ಲದ ಆ ಕಬ್ಬಿಣ ಹೇಳಿದ ಮಾತು ಕೇಳುವ ನಾಯಿಯಂತೆ ಮತ್ತೆ ಮೇಲೇರಿತು. ಒಳಗೆ ಇನ್ನೂ ಶಕ್ತಿ ಇತ್ತು. ರಕ್ತಕ್ಕಿಂತ ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಸ್ಪತ್ರೆಗೆ ಮಾಲೀಕರು ಬಂದಾಗ ನಾನು ಮಂಚದ ಪಕ್ಕದಲ್ಲಿದ್ದೆ. "ತಪ್ಪು ನಂದರೀ. ಮುಳ್ಳು ನಾ ನೋಡಲಿಲ್ಲ" ಎಂದರು ಕಾಕಾ. ನಾನು ಬಾಯಿ ತೆರೆಯಲಿಲ್ಲ. ಮಾಲೀಕರು ಹೋದ ಮೇಲೆ ಕಾಕಾ ನನ್ನ ಕಡೆ ತಿರುಗಿ, "ಮಾಸ್ತರ, ರಾಕ್ಷಸ ಎದ್ದು ನಿಂತನೇನ್ರಿ? ಆ ನೋಟಬುಕ್ ತಂದು ಕೊಡ್ರಿ, ಇಲ್ಲಿ ಹೊತ್ತು ಹೋಗವಲ್ಲದು" ಎಂದರು. ತಂದು ಕೊಟ್ಟೆ. ಮರಳಿ ಕೇಳುವ ಧೈರ್ಯ ಬರಲಿಲ್ಲ. ಕತೆ ಅಲ್ಲಿಗೇ ನಿಂತಿತು.

ನಾನು ಬೆಳಗಾವಿಯ ಶಿವಬಸವ ನಗರದಲ್ಲಿ ಕೋಣೆ ಹಿಡಿದೆ. ಓಡಾಟ ತಪ್ಪುತ್ತದೆ ಎಂದು ಎಲ್ಲರಿಗೂ ಹೇಳಿದೆ. ತಪ್ಪಿಸಿಕೊಳ್ಳಬೇಕಿದ್ದದ್ದು ಆ ಡಬ್ಬಿಯಿಂದ, ಆ ಮೂರು ಬೆರಳುಗಳಿಂದ. ವರ್ಷಗಳು ಹೋದಂತೆ ಎರಡನೆಯ ನೆನಪು ಗಟ್ಟಿಯಾಗುತ್ತ ಬಂತು. ಯಾರೂ ಕೇಳಿರಲಿಲ್ಲ. ಪ್ರಯೋಗಶಾಲೆಯಲ್ಲಿ ನೆನಪನ್ನು ನಂಬಬೇಡಿ, ಅಳತೆ ನೋಡಿ ಬರೆಯಿರಿ ಎಂದು ಹುಡುಗರಿಗೆ ಹೇಳುವವನು ನಾನು. ಆ ಒಂದು ನೆನಪನ್ನು ಮಾತ್ರ ಅನುಮಾನಿಸದೆ ಬಿಟ್ಟೆ.

ಕಾಕಾ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಖಾನಾಪುರದ ಅವರ ಮನೆಗೆ ಹೋದಾಗ ಅವರ ಹೆಂಡತಿ ಕಾಕು ಚಹಾ ಕೊಟ್ಟು, ಕಪಾಟಿನಿಂದ ನನ್ನ ನೋಟಬುಕ್ ತೆಗೆದರು. "ನಿಮ್ದಂತ, ಒಯ್ಯರಿ. ದವಾಖಾನಿಯೊಳಗ ಎಡಗೈಲೆ ಏನೇನೋ ಗೀಚ್ಯಾರ. ನಕ್ಕೀರಿ ಮತ್ತ."

ಕೊನೆಯ ಪುಟದಲ್ಲಿ ದೈತ್ಯ ನಿಂತಿದ್ದ. ಗೆರೆಗಳು ನಡುಗಿದ್ದವು. ರೆಕ್ಕೆಯ ಟಾಕಿಯೊಳಗೆ ಗುಂಡು ಕಟ್ಟಿದ ರಬ್ಬರ್ ಪೈಪು. ದೈತ್ಯ ಮಲಗಲಿ, ಏಳಲಿ, ಗುಂಡಿನ ಭಾರಕ್ಕೆ ಪೈಪಿನ ಬಾಯಿ ಎಣ್ಣೆಯ ಬೆನ್ನು ಹತ್ತುತ್ತಿತ್ತು. ಬೆನ್ನಿನಲ್ಲಿ ಬಿಸಿ ಬಿಡುವ ಕಿಂಡಿಗಳು. ತೊಡೆಯಲ್ಲಿ ಎರಡು ಗಡಿಗಿ. ನಾನು ಕಾಣದ ಉತ್ತರಗಳನ್ನೆಲ್ಲ ಅವರು ಕಂಡಿದ್ದರು. ಮೊಣಕಾಲಿನ ಹೊರಮೈಗೆ, ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ, ಗಾಡಿಯ ಗಾಲಿಯಷ್ಟು ದೊಡ್ಡ ಬಿಲ್ಲೆ, ಅದರಲ್ಲಿ ಮುಳ್ಳು. ಕೆಳಗೆ ಸೊಟ್ಟ ಅಕ್ಷರದಲ್ಲಿ ಬರೆದಿದ್ದರು:

"ಒಳಗ ಕುಂತಾಂವಗ ಅಲ್ಲ, ಹೊರಗ ನಿಂತಾಂವಗ ಕಾಣಬೇಕು. ಇನ್ನೊಬ್ಬರನ್ನ ಕೇಳೂಹಂಗ ಇರಬಾರದು."

ಕಾಕು ಚಹಾ ಆರುತ್ತದೆ ಎಂದರು. ನಾನು ಆ ಸಾಲನ್ನು ಮತ್ತೆ ಓದಿದೆ.

ಕಾಕಾ ಅಂದು ಕೇಳಿದ್ದರು. ಕೇಳದೆ ಆ ಕೈ ಎಂದೂ ಬೆನ್ನು ಬಿಟ್ಟು ಮುಂದೆ ಬಂದದ್ದಿಲ್ಲ.

ಈಗ ಮನೆಯಲ್ಲಿ ಮಿಕ್ಸರ್ ನಿಂತಿದ್ದರೂ, ಪ್ಲಗ್ ಕಿತ್ತಿದ್ದರೂ, ಅದರ ಮುಂದೆ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತೇನೆ. ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದಿರುತ್ತದೆ. ಹೆಂಡತಿ ನಗುತ್ತಾಳೆ. ಬೆನ್ನ ಹಿಂದೆಯೇ ಬೆರಳುಗಳನ್ನು ಎಣಿಸುತ್ತೇನೆ. ಹತ್ತೂ ಇವೆ.