ಅಜ್ಜಿಯ ಕಾರಿನ ನಾಲ್ಕು ಟೈರು

ಆ ಕಾಲದಲ್ಲಿ ನಮ್ಮ ಕಡೆ ಕಾರು ಅನ್ನುವವರು ಕಡಿಮೆ, ‘ಪ್ಲೆಷರ್’ ಅನ್ನುವವರೇ ಹೆಚ್ಚು. ಮಂಚೇನಹಳ್ಳಿಯಲ್ಲಿ ಅಂಥದ್ದೊಂದು ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. ಅಪ್ಪ ತನ್ನ ಪಾಲಿನ ಹೊಲವನ್ನು ದೊಡ್ಡಪ್ಪನಿಗೆ ಬಿಟ್ಟುಕೊಟ್ಟು, ಮಹಾಯುದ್ಧಕ್ಕೆ ಮುಂಚಿನ ಆ ಕಾರನ್ನು ತಂದು ಗೌರಿಬಿದನೂರಿಗೆ ಬಾಡಿಗೆ ಓಡಿಸುತ್ತಿದ್ದ. ಓಡದ ದಿನ ನಾವು ಮಕ್ಕಳು ಅದರೊಳಗೆ ಕೂತು ಹುರಿಗಡಲೆ ತಿನ್ನುತ್ತಾ ನಿಂತಲ್ಲೇ ಬೆಂಗಳೂರಿಗೆ ಹೋಗಿ ಬರುತ್ತಿದ್ದೆವು. ಬಿಸಿಲಿಗೆ ಕಾದ ಸೀಟು, ಪೆಟ್ರೋಲು, ಯಾರೋ ಹೆಂಗಸರು ಮುಡಿದು ಬಿಟ್ಟುಹೋದ ಮಲ್ಲಿಗೆ, ಎಲ್ಲ ಸೇರಿದ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ಕಾರಿನಿಂದ. ಬೇರೆ ಏನೂ ಇರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಶ್ರಾವಣದಲ್ಲಿ ಕಾರನ್ನು ಚಿಕ್ಕಬಳ್ಳಾಪುರಕ್ಕೆ ತಂದು ತೋರಿಸಬೇಕೆಂದು, ಗಾಡಿ ತಪಾಸಣೆ ಮಾಡುವ ಬ್ರೇಕ್ ಇನ್‌ಸ್ಪೆಕ್ಟರು ಹೇಳಿಕಳಿಸಿದರು. ನಾಲ್ಕೂ ಟೈರು ಬೋಳಾಗಿದ್ದವು. ಎರಡರಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಅಪ್ಪ ಒಳಗಡೆ ಹಳೇ ಟೈರಿನ ತುಂಡು ಇಟ್ಟು ಹೇಗೋ ಓಡಿಸುತ್ತಿದ್ದ. ಪ್ರಯಾಣಿಕರು ಸುಮ್ಮನಿರುತ್ತಿದ್ದರು, ಇನ್‌ಸ್ಪೆಕ್ಟರು ಸುಮ್ಮನಿರುತ್ತಾರೆಯೇ? ಪರ್ಮಿಟ್ ಹೋದರೆ ಮತ್ತೆ ಬರುವುದಿಲ್ಲವೆಂದು ಅಪ್ಪ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಿ ಕೋಲು ಹಿಡಿದುಕೊಂಡೇ ಕೂತುಬಿಟ್ಟಳು.

ಹೊಸ ಟೈರು ತರಿಸುವ ಶಕ್ತಿ ನಮಗಿರಲಿಲ್ಲ. ಹಳೇ ಟೈರು ಸಿಗುತ್ತಿದ್ದವು, ಆದರೆ ನಮ್ಮ ಕಾರಿಗೆ ಬೇಕಾದ ಅಳತೆಯದಲ್ಲ. ಅಷ್ಟೆತ್ತರದ ಚಕ್ರ ಆಗಲೇ ಹೊಸ ಗಾಡಿಗಳಿಗೆ ಬರುತ್ತಿರಲಿಲ್ಲ. ಅಪ್ಪ ಒಂದು ದಾರದಿಂದ ಚಕ್ರ ಅಳೆದು, ಗಂಟು ಹಾಕಿ ನನ್ನ ಕೈಗೆ ಕೊಟ್ಟ. ‘ಕಳೀಬೇಡ ಕಣಮ್ಮ, ಜೀವ ಅದು’ ಅಂದ. ಹಿರಿಯ ಮಗಳು ಅನ್ನುವ ದೊಡ್ಡಸ್ತಿಕೆಯಲ್ಲಿ ನಾನು ಅದನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಜೊತೆ ಬಸ್ಸು ಹತ್ತಿದೆ.

ಗೌರಿಬಿದನೂರಲ್ಲಿ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಒಬ್ಬನ ಹತ್ತಿರ ಒಂದೇ ಒಂದು ಇತ್ತು, ಅದರ ಪಕ್ಕ ಸೀಳಿತ್ತು. ಶಿಡ್ಲಘಟ್ಟದಲ್ಲಿ ಕೇಳಿದ್ದಕ್ಕೆ ನಕ್ಕರು. ಮೂರನೇ ದಿನ ಚಿಂತಾಮಣಿ ಸಂತೆಬೀದಿಯಲ್ಲಿ, ಕೊತ್ತಂಬರಿ ಕಟ್ಟುಗಳ ನಡುವೆ ನುಗ್ಗಿಕೊಂಡು ಗುಜರಿ ಸಾಬರ ಅಂಗಡಿಗೆ ಹೋದೆವು. ಅವರು ದಾರ ಹಿಡಿದು ನೋಡಿ ತಲೆಯಾಡಿಸಿದರು.

‘ಈ ಸೈಜು ಎಲ್ಲಿ ಬರ್ತದೆ ಸ್ವಾಮಿ? ಬಂದ್ ಆಗಿ ಜಮಾನಾ ಆಯ್ತು.’

ಅಪ್ಪ ಅಲ್ಲೇ ಟೈರುಗಳ ರಾಶಿಯ ಮೇಲೆ ಕುಸಿದು ಕೂತ. ಅಳುತ್ತಿದ್ದಾನೆಂದು ನನಗೆ ಗೊತ್ತಾದದ್ದು ಅವನ ಭುಜ ನೋಡಿ. ಅಪ್ಪಂದಿರು ಅಳುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೆದರಿ ನಾನೂ ಜೋರಾಗಿ ಅಳಲು ಶುರುಮಾಡಿದೆ. ಸಾಬರಿಗೆ ಏನನ್ನಿಸಿತೋ, ‘ಅರೆ, ಬೇಟಿ, ತಡಿ ತಡಿ’ ಅಂದು, ಊರ ಕೊನೆಯ ಒಂದು ಮನೆಯ ಗುರುತು ಹೇಳಿದರು. ಅಲ್ಲಿ ಒಬ್ಬ ಅಜ್ಜಿಯ ಹತ್ತಿರ ನಮ್ಮಂಥದ್ದೇ ಕಾರಿದೆ, ಆದರೆ ಆಯಮ್ಮ ಕೊಡುವುದಿಲ್ಲ ಎಂದೂ ಹೇಳಿದರು.

ಕಾರು ಹುಣಸೆಮರದ ಪಕ್ಕದ ಚಪ್ಪರದಲ್ಲಿತ್ತು. ಅಜ್ಜಿಯ ಗಂಡ ತೀರಿಕೊಂಡ ಮೇಲೆ ಅದು ರಸ್ತೆಗೆ ಇಳಿದಿರಲಿಲ್ಲ. ಟೈರು ಒಂದೇ ಕಡೆ ಕೂತು ಹಾಳಾಗಬಾರದೆಂದು ಅಜ್ಜಿ ತಿಂಗಳಿಗೊಮ್ಮೆ ಆಳುಗಳಿಂದ ಅದನ್ನು ಹಿಂದೆ ಮುಂದೆ ತಳ್ಳಿಸುತ್ತಿದ್ದರು. ನಾನು ದಾರ ಹಿಡಿದೆ. ಗಂಟು ಸರಿಯಾಗಿ ಬಂತು.

‘ಮಾ ಆಯನ ಗಾಡಿ ಅದು, ನಮ್ಮೆಜಮಾನ್ರದು. ಮಾರಲ್ಲಪ್ಪ’ ಅಂದರು ಅಜ್ಜಿ.

ಅಪ್ಪ ಕೈ ಮುಗಿದ. ಅಜ್ಜಿ ಜಗ್ಗಲಿಲ್ಲ. ಅಪ್ಪ ಕಾಲಿಗೆ ಬೀಳಲು ಹೋದ. ಅಜ್ಜಿ ಸರಕ್ಕನೆ ಹಿಂದೆ ಸರಿದು ಹೇಳಿದರು: ‘ದುಡ್ಡು ಬೇಡ, ವಾಪಸ್ಸು ಬೇಕು. ಆಯುಧಪೂಜೆಗೆ ಗಾಡಿ ನಾಲ್ಕು ಕಾಲ ಮೇಲೆ ನಿಂತಿರ್ಬೇಕು. ವರ್ಷಾ ವರ್ಷಾ ನಾನೇ ತೊಳ್ದು ಪೂಜೆ ಮಾಡ್ತೀನಿ.’

‘ಅಷ್ಟರಲ್ಲಿ ಬೇರೆ ಹುಡುಕಿ ತಂದ್ಕೊಡ್ತೀನಿ ತಾಯಿ.’

‘ಗಂಡಸರ ಮಾತು ಬೇಡ. ನೀನು ಹೇಳು ಪಾಪಾ.’

ನಾನು ಎದೆಯುಬ್ಬಿಸಿ, ‘ತಂದ್ಕೊಡ್ತೀವಿ ಅಜ್ಜಿ, ನನ್ನಾಣೆ’ ಅಂದೆ.

ಅಪ್ಪ ಆ ಕಾರನ್ನು ಮನೆ ಕಟ್ಟುವ ಸೈಜುಗಲ್ಲುಗಳ ಮೇಲೆ ಕೂರಿಸಿ ಟೈರು ಬಿಚ್ಚಿದ. ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದೆವು. ಇನ್‌ಸ್ಪೆಕ್ಟರು ಟೈರಿಗೆ ಬೂಟಿನಿಂದ ಒದ್ದು ನೋಡಿ ಕಾಗದಕ್ಕೆ ಸಹಿ ಹಾಕಿದರು. ಅಮ್ಮ ಅವತ್ತು ಪಾಯಸ ಮಾಡಿದಳು.

ಅದಾದ ಮರುವಾರ ಅಪ್ಪ ನಮ್ಮ ಹಳೇ ಟೈರುಗಳನ್ನು ಕತ್ತರಿಸಿ ಚಪ್ಪಲಿ ಮಾಡಲು ಕೊಟ್ಟುಬಿಟ್ಟ. ಮನೆಯವರೆಲ್ಲರಿಗೂ ಟೈರಿನ ಚಪ್ಪಲಿ ಬಂತು. ಅಜ್ಜಿಯ ಟೈರು ಬಿಚ್ಚಿದರೆ ಮತ್ತೆ ಹಾಕಲು ಏನಿದೆ ಎಂದು ಆಗಲೇ ನನಗೆ ಸಂಶಯ ಬರಬೇಕಿತ್ತು. ಚಪ್ಪಲಿಯ ಸಂಭ್ರಮದಲ್ಲಿ ಬರಲಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ನಾನು ದಿನಾ ಕೇಳತೊಡಗಿದೆ. ಅಪ್ಪ ಹುಡುಕುತ್ತಲೇ ಇದ್ದ, ಸುಳ್ಳು ಹೇಳಬಾರದು. ಸಿಗಲಿಲ್ಲ. ಹಬ್ಬದ ಹಿಂದಿನ ದಿನ ಅವನು ನಮ್ಮ ಕಾರು ತೊಳೆಯುತ್ತಿದ್ದಾಗ ಬಕೆಟ್ಟು ಕಿತ್ತುಕೊಂಡೆ.

‘ಅಜ್ಜಿ ಕಾಯ್ತಿರ್ತಾರೆ. ಬಿಚ್ಚಪ್ಪಾ.’

‘ನಮ್ಮ ಗಾಡೀನ ಕಲ್ಲ ಮೇಲೆ ನಿಲ್ಸಿ ಪೂಜೆ ಮಾಡಕ್ಕಾಗುತ್ತೇನಮ್ಮ? ಅನ್ನ ಕೊಡೋ ಗಾಡಿ ಕಣಮ್ಮ ಇದು. ಅವತ್ತು ಒಪ್ಕೊಳ್ಳೋವಾಗ ನನಗೆ ಇದು ಹೊಳೀಲೇ ಇಲ್ಲ.’

ಹಬ್ಬ ಎರಡೂ ಗಾಡಿಗೂ ಒಂದೇ ದಿನ ಅನ್ನುವುದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾರನೇ ದಿನ ನಮ್ಮ ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದರು. ನಾನು ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಕಾರ್ತಿಕದಲ್ಲಿ ಅಪ್ಪನಿಗೆ ಬೆಂಗಳೂರಿನ ಗುಜರಿಯಲ್ಲಿ ಬೇರೆ ಟೈರು ಸಿಕ್ಕವು. ಅಜ್ಜಿಯ ನಾಲ್ಕನ್ನೂ ಉಜ್ಜಿ ತೊಳೆದು ಇಬ್ಬರೂ ಚಿಂತಾಮಣಿಗೆ ಹೋದೆವು. ಚಪ್ಪರ ಖಾಲಿಯಿತ್ತು. ಕಲ್ಲುಗಳೂ ಇರಲಿಲ್ಲ.

‘ಅಜ್ಜಿ, ತಂದಿದೀವಿ’ ಅಂದೆ.

‘ತಂದ್ಯಾ ಪಾಪಾ? ಹಬ್ಬದ ದಿನ ಮಧ್ಯಾಹ್ನದ ತನಕ ರಸ್ತೆ ನೋಡ್ದೆ. ಆಮೇಲೆ ಹಂಗೇ ತೊಳ್ದೆ. ಕಲ್ಲ ಮೇಲೆ ನಿಂತಿದ್ದನ್ನ ನೋಡಿದ್ರೆ ಆಯನೇ ಕಾಲಿಲ್ದಂಗೆ ಕೂತಂಗಿತ್ತಮ್ಮ. ತಡ್ಕೊಳ್ಳಕ್ಕಾಗ್ಲಿಲ್ಲ. ಗುಜರಿಯವರಿಗೆ ಕೊಟ್ಬಿಟ್ಟೆ.’

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಗೆ ಬೆಲ್ಲ, ಕಡಲೇಕಾಯಿ ಕೊಟ್ಟು, ಟೈರು ನೀವೇ ಇಟ್ಟುಕೊಳ್ಳಿ ಎಂದು ಒಳಗೆ ಹೋದರು. ಅಪ್ಪ ಬಾಗಿಲಿನ ಕಡೆಗೇ ಕೈ ಮುಗಿದುಕೊಂಡು ನಿಂತಿದ್ದ.

ಅಜ್ಜಿಯ ಟೈರುಗಳ ಮೇಲೆ ನಮ್ಮ ಕಾರು ಇನ್ನೂ ಮೂರು ವರ್ಷ ಓಡಿತು. ಅದರ ದುಡಿಮೆಯಲ್ಲೇ ನಾನು ಹೈಸ್ಕೂಲಿಗೆ ಸೇರಿದೆ. ಈಗ ಚಿಂತಾಮಣಿಯಲ್ಲಿ ಸಾಲು ಸಾಲು ಟೈರಂಗಡಿಗಳಿವೆ. ಮೊನ್ನೆ ಮಗನ ಕಾರಿಗೆ ನಾಲ್ಕು ಟೈರು ಹಾಕಿಸಲು ಹೋದಾಗ, ಉಳಿದ ದುಡ್ಡಿನ ಬಾಕಿಗೆ ಎರಡು ಕಡೆ ಸಹಿ, ಗುರುತಿನ ಚೀಟಿ, ಜಾಮೀನಿಗೆ ಇನ್ನೊಬ್ಬರ ಹೆಸರು ಕೇಳಿದರು. ಮಗ ರೇಗಿದ. ಹಿಂದೆಲ್ಲ ಬಾಯಿಮಾತಿಗೆ ಕೊಡುತ್ತಿದ್ದರಂತಲ್ಲಮ್ಮ, ಈಗ ಜನರಿಗೆ ನಂಬಿಕೆಯೇ ಇಲ್ಲ ಅಂದ. ಕೊಡುತ್ತಿದ್ದರು, ಹತ್ತು ವರ್ಷದ ಹುಡುಗಿಯ ಮಾತಿಗೂ ಕೊಡುತ್ತಿದ್ದರು. ಆ ನಂಬಿಕೆ ತಾನಾಗಿ ಹೋಗಲಿಲ್ಲ, ನಮ್ಮಂಥವರು ಕಳೆದೆವು ಎಂದು ಅವನಿಗೆ ಹೇಳಬೇಕೆನಿಸಿತು. ಜಾಮೀನಿಗೆ ನನ್ನ ಹೆಸರು ಬರೆಸಿದೆ. ತೋರಿಸಿದ ಕಡೆ ಸಹಿ ಹಾಕಿದೆ.