ಕತ್ತರಿ ಅಕ್ಕನ ಮೊದಲ ಗಿರಾಕಿ

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಕ್ಷೌರದಂಗಡಿಯ ಶಟರ್ ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಒಳಗೆ ಕನ್ನಡಿಯ ಮುಂದಿನ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟಿದೆ. ಚಿಕ್ಕ ಮಕ್ಕಳ ತಲೆ ಕೈಗೆಟುಕಲಿ ಅಂತ ಕ್ಷೌರದಂಗಡಿಗಳಲ್ಲಿ ಇಟ್ಟುಕೊಳ್ಳುವ ಹಲಗೆಯೇ ಅದು. ಈಗ ಅದರ ಮೇಲೆ ಕೂತಿರುವುದು ಮಗುವಲ್ಲ, ಮೈ ತುಂಬಿದ ಒಂದು ಬಿಳಿ ಗಂಡುಬೆಕ್ಕು. ಮೂಗಿನ ಕೆಳಗೆ ಎರಡೂ ಕಡೆ ಕಪ್ಪು ಮಚ್ಚೆ ಇರುವುದರಿಂದ ಹೆಸರು ಮೀಸೆ. ಈ ಅಂಗಡಿಯಲ್ಲಿ ಇಂದಿನವರೆಗೂ ಕತ್ತರಿ ಕಾಣದ ಮೀಸೆ ಅದೊಂದೇ ಎನ್ನುತ್ತಾರೆ ಅಂಗಡಿಯೊಡತಿ. ಅವರ ಮುಂದೆ ಬೆಕ್ಕನ್ನು ‘ಅದು’ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಹಾಗಾಗಿ ನಾವೂ ‘ಅವನು’ ಎಂದೇ ಕರೆಯೋಣ.

ಬಿಸಿನೀರಿಗೆ ಅದ್ದಿ ಹಿಂಡಿದ ಟವೆಲ್ಲಿನ ತುದಿಯನ್ನು ಅವರು ಮೊದಲು ತಮ್ಮ ಮಣಿಕಟ್ಟಿಗೆ ಒತ್ತಿ ನೋಡಿಕೊಳ್ಳುತ್ತಾರೆ. ಆಮೇಲೆ ಅದನ್ನು ಮೀಸೆಯ ಕಿವಿಗೆ ಸುತ್ತಿ ಹಿಡಿಯುತ್ತಾರೆ. ಕಿವಿ ಬೆಚ್ಚಗಾದರೆ ರಕ್ತ ಅಂಚಿಗೆ ಬರುತ್ತದೆ. ಕಿವಿಯನ್ನು ಒರೆಸಿ ಒಣಗಿಸಿ, ಹನಿ ಕೂದಲಲ್ಲಿ ಹರಡದಿರಲಿ ಅಂತ ಅಂಚಿಗೆ ಚೂರೇ ಚೂರು ವ್ಯಾಸಲೀನ್ ಸವರಿ, ಹಿಂದೆ ಹತ್ತಿ ಒತ್ತಿ ಹಿಡಿದು, ಸೂಜಿ ತಾಗಿಸುತ್ತಾರೆ. ಸಾಸಿವೆ ಕಾಳಿನಷ್ಟು ರಕ್ತ ಮೂಡುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಸಕ್ಕರೆ ಮೀಟರಿನ ಪಟ್ಟಿ ಆ ಹನಿಯನ್ನು ಹೀರಿಕೊಳ್ಳುತ್ತದೆ. ಮೀಸೆ ಆಕಳಿಸುತ್ತಾನೆ.

“ಇನ್ನೂರ ಹನ್ನೆರಡು. ಪರವಾಗಿಲ್ಲ ಕಣೋ, ನಿನ್ನೆಗಿಂತ ಮರ್ಯಾದಸ್ಥನಾಗಿದೀಯ,” ಎನ್ನುತ್ತಾರೆ ಅಕ್ಕ. ಮೀಟರಿನ ಫೋಟೋ ಪಶುವೈದ್ಯೆಯ ಫೋನಿಗೆ ಹೋಗುತ್ತದೆ. ಮೀಸೆ ತಟ್ಟೆಗೆ ಬಾಯಿ ಹಾಕಿರುವಾಗಲೇ ಹೆಗಲ ಮೇಲಿನ ಸಡಿಲ ಚರ್ಮ ಎತ್ತಿ ಇನ್ಸುಲಿನ್ ಕೊಟ್ಟು ಮುಗಿಸುತ್ತಾರೆ. ಸಂಜೆ ಮತ್ತೆ ಇದೇ ಕೆಲಸ. ಕೊನೆಗೆ ಹಲಗೆ ತೊಳೆದು, ಕುರ್ಚಿಯನ್ನು ಔಷಧದ ನೀರಲ್ಲಿ ಒರೆಸಿ, ಮೀಸೆಯನ್ನು ಪರದೆಯ ಹಿಂದಿನ ಕೋಣೆಗೆ ಕಳಿಸುತ್ತಾರೆ. ಆ ಒಂದು ಕೋಣೆಯೇ ಇಬ್ಬರ ಮನೆ.

ಬೀದಿಗೆಲ್ಲ ಇವರು ಕತ್ತರಿ ಅಕ್ಕ. ಎಲೆಮರೆಯ ಕಾಯಿ ಎನ್ನಲು ಸ್ವಲ್ಪ ಹಿಂಜರಿಕೆ, ಏಕೆಂದರೆ ಇವರ ದನಿ ಮೂರು ಅಂಗಡಿ ಆಚೆಗೂ ಕೇಳುತ್ತದೆ. ಆದರೂ ಇವರ ಈ ಬೆಳಗಿನ ಕೆಲಸವನ್ನು ಹೊಗಳಿದವರು ಯಾರೂ ಇಲ್ಲ, ಹೀಗಳೆದವರೇ ಎಲ್ಲ. “ಬೆಕ್ಕಿಗೆ ಇಷ್ಟೆಲ್ಲ ಬೇಕಾ ಅಂತ ದಿನಾ ಒಬ್ಬರಾದ್ರೂ ಕೇಳ್ತಾರೆ. ಬೇಕು ಅಂತೀನಿ. ಅಲ್ಲಿಗೆ ಮಾತು ಮುಗೀತು.”

ಮುಗಿಯುವುದಿಲ್ಲ, ಅದು ಅವರಿಗೂ ಗೊತ್ತು. ಈ ಹಟದ ಬೇರು ಹುಡುಕಲು ಅಪ್ಪನ ಕೈ ನಡುಗಲು ಶುರುವಾದ ದಿನಗಳಿಗೆ ಹೋಗಬೇಕು. ಅಂಗಡಿ ಅಪ್ಪನದು, ಕುರ್ಚಿ ಎರಡು. ಎರಡನೆಯದರಲ್ಲಿ ಅಕ್ಕನ ಬೆನ್ನಿಗೆ ಬಿದ್ದ ತಮ್ಮ ಆಗಲೇ ಕೆಲಸ ಮಾಡುತ್ತಿದ್ದ. ಮೊದಲನೆಯದನ್ನು ಅಪ್ಪ ಮಗಳಿಗೆ ಕೊಟ್ಟರು. ಗಂಡಸರ ಕ್ಷೌರದಂಗಡಿಯಲ್ಲಿ ಹೆಂಗಸು ಕತ್ತಿ ಹಿಡಿದಳು ಅಂತ ಬೀದಿ ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಗಿರಾಕಿಗಳು ತಮ್ಮನ ಕುರ್ಚಿ ಖಾಲಿಯಾಗಲಿ ಅಂತ ಒಂದೇ ಪೇಪರನ್ನು ತಿರುವಿ ಮುರುವಿ ಓದುತ್ತಾ ಬೆಂಚಿನಲ್ಲಿ ಕಾದರೇ ಹೊರತು ಅಕ್ಕನ ಕುರ್ಚಿಗೆ ಬರಲಿಲ್ಲ.

“ಬಂದವನು ಇವನೊಬ್ಬನೇ,” ಎನ್ನುತ್ತಾರೆ ಅಕ್ಕ. “ಹಿತ್ತಲ ಚರಂಡಿಯಿಂದ ಎದ್ದು ಬಂದ, ಅಂಗೈ ಅಗಲದ ಮರಿ. ಸೀದಾ ನನ್ನ ಕುರ್ಚಿ ಮೇಲೆ ಹತ್ತಿ ಕೂತ. ನನಗೂ ರೇಗಿತ್ತು. ಕೊರಳಿಗೆ ಬಟ್ಟೆ ಸುತ್ತಿ, ಬಾಚಣಿಗೆ ತಗೊಂಡು ತಲೆ ಬಾಚೋಕೆ ಶುರು ಮಾಡಿದೆ. ಬೆಂಚಲ್ಲಿ ಕೂತವರು ಬಿದ್ದು ಬಿದ್ದು ನಕ್ಕರು. ನಕ್ಕೋಳಿ ಅಂದೆ. ಆಮೇಲೆ ಒಬ್ಬ ನಗ್ತಾ ನಗ್ತಾನೇ ಬಂದು ಕೂತ. ಹಂಗೆ ಶುರುವಾಯ್ತು ನನ್ನ ಅನ್ನ.”

ಅದೇ ಮೀಸೆ ದೊಡ್ಡವನಾದ ಮೇಲೆ ಒಂದು ದಿನ ತಲೆ ಒದ್ದೆ ಮಾಡುವ ಮಗ್ಗಿಗೆ ಬಾಯಿ ಹಾಕಿ ನೀರು ಕುಡಿದ. ಮಾರನೆಯ ದಿನ ಬೇಸಿನ್ ನೆಕ್ಕಿದ. ಎರಡರಷ್ಟು ತಿಂದರೂ ಮೈ ಇಳಿಯುತ್ತಾ ಬಂತು, ಹಿಂಗಾಲು ಕುಸಿಯತೊಡಗಿತು. ಪಶುವೈದ್ಯೆ ಸಕ್ಕರೆ ಕಾಯಿಲೆ ಎಂದರು. ದಿನಕ್ಕೆರಡು ಸಲ ಇನ್ಸುಲಿನ್ ಒಂದು ದಾರಿ, ನೋವಿಲ್ಲದಂತೆ ಕಣ್ಣು ಮುಚ್ಚಿಸುವ ಚುಚ್ಚುಮದ್ದು ಇನ್ನೊಂದು.

“ಡಾಕ್ಟ್ರು ತಪ್ಪೇನೂ ಹೇಳಲಿಲ್ಲ. ಎಲ್ಲರಿಗೂ ಹೇಳಲೇಬೇಕಂತೆ. ಎರಡನೇ ದಾರಿ ಹೇಳುವಾಗ ಪಾಪ, ಅವರೂ ನನ್ನ ಮುಖ ನೋಡಲಿಲ್ಲ. ಮೊದಲನೇದು ಕಲಿಸಿ ಡಾಕ್ಟ್ರೇ ಅಂದೆ.”

ಕಲಿಸಿದವರು ಅವರೇ. ಆಸ್ಪತ್ರೆಯಲ್ಲಿ ನಾಯಿಗಳ ಬೊಗಳು ಕೇಳಿಯೇ ಮೀಸೆಯ ಸಕ್ಕರೆ ಮೇಲಕ್ಕೇರುತ್ತಿತ್ತು. ಹೆದರಿದ ಬೆಕ್ಕಿನ ಅಂಕಿ ನಂಬಿ ಔಷಧ ಹೆಚ್ಚಿಸಿದರೆ, ಮನೆಗೆ ಹೋದ ಮೇಲೆ ಸಕ್ಕರೆ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ಆದ್ದರಿಂದ ಮನೆಯಲ್ಲೇ ನೋಡಿ ಎಂದರು. ಅಕ್ಕ ಮನೆಯಲ್ಲಿ ನೋಡಿದ್ದೂ ಆಯಿತು, ಮೊದಲ ದಿನವೇ ಎಡವಟ್ಟು ಮಾಡಿಕೊಂಡದ್ದೂ ಆಯಿತು. ವರ್ಷಗಟ್ಟಲೆ ಕೆನ್ನೆಗಳಿಗೆ ಮಾಡಿದ ಅಭ್ಯಾಸ ಬಿಡಬೇಕಲ್ಲ. ಸೂಜಿ ತಾಗಿಸುವ ಮುಂಚೆ ಕೈ ತಾನಾಗಿ ಶೆಲ್ಫಿಗೆ ಹೋಗಿ, ಉರಿಯುವ ಶೇವಿಂಗ್ ಲೋಷನ್ ತೆಗೆದು ಕಿವಿಗೆ ಹಚ್ಚಿತು. ಮೀಸೆ ಎಗರಿದ ರಭಸಕ್ಕೆ ಪೌಡರ್ ಡಬ್ಬಿಗಳೆಲ್ಲ ನೆಲ ಕಂಡವು. ಅಂದು ಇಡೀ ದಿನ ಅವನು ಕಪಾಟಿನ ಮೇಲಿಂದ ಇಳಿಯಲಿಲ್ಲ. ಲೋಷನ್ ಸೇರಿದರೆ ಅಂಕಿಯೂ ಕೆಡುತ್ತದೆ, ಬೆಚ್ಚಗಿನ ನೀರಲ್ಲಿ ಒರೆಸಿ ಒಣಗಿಸಿದರೆ ಸಾಕು ಅಂತ ಪಶುವೈದ್ಯೆ ಫೋನಿನಲ್ಲಿ ನಗು ತಡೆದುಕೊಂಡು ಹೇಳಿದರಂತೆ.

ಸುದ್ದಿ ಬೀದಿಗೆ ಬಿತ್ತು. ಅಂಗಡಿಯಲ್ಲಿ ಬೆಕ್ಕಿನ ರಕ್ತ ತೆಗೆಯುತ್ತಾರಂತೆ ಅಂತ ಕೆಲವರು ಮೂಗು ಮುರಿದರು. ಅಕ್ಕ ಸುಮ್ಮನಿರುವ ಪೈಕಿಯಲ್ಲ. “ಇಷ್ಟು ವರ್ಷ ನಿಮ್ಮ ಮೊಡವೆ ಕಿತ್ತು ರಕ್ತ ಬಂದಾಗ ಪಟಿಕ ಉಜ್ಜಿ ಕಳಿಸಿದೀನಿ. ಆಗ ಯಾರಿಗೂ ಹೇಸಿಗೆ ಆಗಲಿಲ್ವಲ್ಲ ಅಂದೆ. ಅವನ ಸೂಜಿ ಬೇರೆ, ಡಬ್ಬಿ ಬೇರೆ, ಹೊತ್ತು ಬೇರೆ. ನಂಬಿಕೆ ಇಲ್ದಿದ್ರೆ ಬೆಳಿಗ್ಗೆ ಬಂದು ನೋಡಿ, ಶಟರ್ ಎತ್ತೇ ಇರ್ತೀನಿ ಅಂದೆ.” ಯಾರೂ ಬಂದು ನೋಡಲಿಲ್ಲ. ಕೆಲವರು ಬರುವುದನ್ನೇ ಬಿಟ್ಟರು.

ತಮ್ಮನಿಗೆ ತಲೆಬಿಸಿಯಾದದ್ದು ಇದೇ. ಅವನ ಮಾತನ್ನೂ ಕೇಳಬೇಕಲ್ಲ. “ನಾನೇನು ಕಟುಕನಾ? ಮರಿಯಾಗಿದ್ದಾಗ ಹಾಲು ಹಾಕಿದ್ದೇ ನಾನು,” ಎನ್ನುತ್ತಾನೆ ಅವನು. “ಆದ್ರೆ ಅಂಗಡಿ ಅಂದ್ಮೇಲೆ ಗಿರಾಕಿ ಮೊದಲು. ಅಪ್ಪ ಮೈ ಸುಡೋ ಜ್ವರದಲ್ಲೂ ಯಾರನ್ನೂ ಅರ್ಧಕ್ಕೆ ಎಬ್ಬಿಸಿರಲಿಲ್ಲ.”

ಅಕ್ಕ ಒಬ್ಬರನ್ನು ಅರ್ಧಕ್ಕೆ ಬಿಟ್ಟರು. ಅದೂ ಬೆಂಚು ತುಂಬಿದ್ದ ಭಾನುವಾರ. ಕುರ್ಚಿಯಲ್ಲಿದ್ದವರು ಅಪ್ಪನ ಕಾಲದಿಂದ ಬರುತ್ತಿರುವ ನಿವೃತ್ತ ಸ್ಟೇಷನ್ ಮಾಸ್ಟರು. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯ ತುಂಬ ನೊರೆ ಇತ್ತು. ಆಗ ಪರದೆ ಅಲುಗಿ ಮೀಸೆ ಹೊರಬಂದ. ಕುಡಿದವನ ಹಾಗೆ ಎರಡು ಹೆಜ್ಜೆ ಓಲಾಡಿ ಗೋಡೆಗೆ ಒರಗಿದ. ಬೆಳಿಗ್ಗೆ ತಿಂದದ್ದನ್ನೆಲ್ಲ ಒಳಗೆ ವಾಂತಿ ಮಾಡಿಕೊಂಡಿದ್ದ. ಹೊಟ್ಟೆ ಖಾಲಿ, ಮೈಯಲ್ಲಿ ಇನ್ಸುಲಿನ್.

ಅಕ್ಕ ಕತ್ತಿ ಕೆಳಗಿಟ್ಟರು.

“ಮೊದಲು ಅವರನ್ನ ಮುಗಿಸು,” ಎಂದ ತಮ್ಮ, ಕತ್ತರಿ ನಿಲ್ಲಿಸದೆ. “ಹತ್ತು ಜನ ನೋಡ್ತಿದಾರೆ.”

“ನೋಡಲಿ. ನೊರೆ ಒಣಗಿದ್ರೆ ಯಾರೂ ಸಾಯಲ್ಲ.”

ಮೀಟರ್ ಮೂವತ್ತೆಂಟು ತೋರಿಸಿತು. ಅಕ್ಕ ನೆಲದಲ್ಲೇ ಕೂತು, ಮೀಸೆಯನ್ನು ಮಡಿಲಿಗೆ ಹಾಕಿಕೊಂಡು, ಬೆರಳಲ್ಲಿ ಜೇನುತುಪ್ಪ ತೆಗೆದು ಅವನ ಒಸಡಿಗೆ ಉಜ್ಜಿದರು. ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಪಶುವೈದ್ಯೆ ಹೇಳಿದಂತೆ ಮಾಡುತ್ತಾ ಹೋದರು. “ಮತ್ತೆ ಸಕ್ಕರೆ ನೋಡೋಕೆ ಹೋದೆ. ಸೂಜಿ ಕಿವಿ ಬಿಟ್ಟು ನನ್ನ ಬೆರಳಿಗೇ ಚುಚ್ಚಿತು. ಹೋಗ್ಬೇಡ ಕಣೋ, ಹೋಗ್ಬೇಡ ಅಂತ ಬಾಯಿಗೆ ಬಂದಿದ್ದೆಲ್ಲ ಹೇಳ್ತಿದ್ದೆ.” ಸ್ಟೇಷನ್ ಮಾಸ್ಟರು ಕೊರಳ ಬಟ್ಟೆ ಕಿತ್ತೆಸೆದು, ಅರ್ಧ ಗಡ್ಡದಲ್ಲೇ ಬೀದಿಗಿಳಿದು ನಡೆದರು. ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದರು. ಅಂಕಿ ಅರವತ್ತೊಂದಾಯಿತು, ಆಮೇಲೆ ತೊಂಬತ್ತನಾಲ್ಕು. ಮೀಸೆ ತಲೆಯೆತ್ತಿ ಅಕ್ಕನ ಬೆರಳನ್ನೇ ಕಚ್ಚಿದ. ಅಕ್ಕ ಅತ್ತದ್ದು ಆಗ.

ಬೆಕ್ಕೋ ನಾನೋ ಅಂತ ತಮ್ಮ ಕೇಳಿದ್ದು ಅದೇ ಸಂಜೆ. ಆ ಪ್ರಶ್ನೆಯನ್ನೇ ಕೇಳಬಾರದಿತ್ತು ಎನ್ನುತ್ತಾರೆ ಅಕ್ಕ. ಎರಡನೆಯ ಕುರ್ಚಿಯ ಬೋಲ್ಟು ಬಿಚ್ಚಿ ಅವನು ಮೂರನೆಯ ಬೀದಿಗೆ ಸಾಗಿಸಿದ. ಈಗ ಅಲ್ಲಿ ಅವನದೇ ಅಂಗಡಿ. ಇಲ್ಲಿ ಅಕ್ಕ ಒಬ್ಬರೇ ಬೆಳಿಗ್ಗೆಯಿಂದ ನಿಂತಲ್ಲೇ ನಿಂತು ದುಡಿಯುತ್ತಾರೆ. ಗಿರಾಕಿಗಳು ಮೊದಲಿನಷ್ಟಿಲ್ಲ. ಊಟಕ್ಕೆ ಕೂತಾಗ ತಮ್ಮನ ತಟ್ಟೆಯನ್ನೂ ಹಾಕಲು ಕೈ ಹೋಗುತ್ತದೆ, ಸಂಕಟವಾಗುತ್ತದೆ ಅಂತ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಅವನು ಬಂದ್ರೆ ಕುರ್ಚಿಗೆ ಜಾಗ ಇದೆ. ಬೆಕ್ಕು ಹೊರಗೆ ಹೋಗಲಿ ಅನ್ನೋಕೆ ಬಂದ್ರೆ ಬಾಗಿಲೂ ಇದೆ.”

ಕೆಲವು ಬೆಕ್ಕುಗಳಿಗೆ ಸಕ್ಕರೆ ಹತೋಟಿಗೆ ಬಂದು ಇನ್ಸುಲಿನ್ ನಿಲ್ಲಿಸುವ ದಿನವೂ ಬರುವುದುಂಟಂತೆ. ಪಶುವೈದ್ಯೆ ಖಾತ್ರಿ ಏನೂ ಕೊಟ್ಟಿಲ್ಲ, ಅಕ್ಕ ಕೇಳಿಯೂ ಇಲ್ಲ.

ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ನೆರಳು ಬೀಳುತ್ತದೆ. ಅದೇ ಸ್ಟೇಷನ್ ಮಾಸ್ಟರು. ಬೇರೆ ಎರಡು ಅಂಗಡಿಗಳಲ್ಲಿ ಗದ್ದ ಕೊಯ್ಯಿಸಿಕೊಂಡು ಸಿಟ್ಟನ್ನು ಇಟ್ಟುಕೊಂಡೇ ಮರಳಿದ್ದಾರೆ. ಅಕ್ಕ ಏನೂ ಆಗದವರಂತೆ ಬಟ್ಟೆ ಕೊಡವಿ ಕೊರಳಿಗೆ ಸುತ್ತಿ, ನೊರೆ ಎಬ್ಬಿಸಿ ಹಚ್ಚುತ್ತಾರೆ. ಎರಡೂ ಕೆನ್ನೆ ಮುಗಿದು ಕತ್ತಿ ಕೊರಳಿಗಿಳಿಯುವ ಹೊತ್ತಿಗೆ ಅವರು ಬಾಯಿ ಬಿಡುತ್ತಾರೆ.

“ಅಲ್ಲಮ್ಮಾ, ಆ ಬೆಕ್ಕು ಇನ್ನೆಷ್ಟು ದಿನ ಇರುತ್ತೆ? ಹೆಚ್ಚೆಂದ್ರೆ ಎರಡು ವರ್ಷ. ಅಷ್ಟಕ್ಕೋಸ್ಕರ ಒಡಹುಟ್ಟಿದವನನ್ನೇ ದೂರ ಮಾಡ್ಕೊಂಡ್ಯಲ್ಲ.”

ಕತ್ತಿ ನಿಲ್ಲುತ್ತದೆ. ಅಕ್ಕ ಅದರ ನೊರೆಯನ್ನು ನಿಧಾನವಾಗಿ ಬಟ್ಟೆಗೆ ಒರೆಸುತ್ತಾರೆ.

“ಯಜಮಾನ್ರೆ, ನಿಮಗೀಗ ಎಷ್ಟು?”

“ಎಪ್ಪತ್ತಾರು.”

“ನಿಮ್ಮ ಮನೇಲಿ ಯಾರಾದ್ರೂ ಬೆರಳು ಮಡಚಿ, ಇವರು ಹೆಚ್ಚೆಂದ್ರೆ ಇನ್ನೆರಡು ವರ್ಷ ಅಂದ್ರೆ, ಹೌದಪ್ಪಾ, ಇಷ್ಟಕ್ಕೇ ಸಾಕು ಮಾಡಿ ಅಂತೀರಾ?”

ಸ್ಟೇಷನ್ ಮಾಸ್ಟರು ಕನ್ನಡಿ ನೋಡುತ್ತಾರೆ.

“ಒಳಗಿರೋ ಅವನೂ ಅನ್ನಲ್ಲ,” ಎನ್ನುತ್ತಾರೆ ಅಕ್ಕ. “ಗದ್ದ ಎತ್ತಿ.”

ಅವರು ಗದ್ದ ಎತ್ತುತ್ತಾರೆ.